‘ಶುಕ್ರವಾರದೊಳಗೆ’ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಹೇಗೆ ಬರೆಯೋದು?

ಪ್ರಶ್ನೆ:
ನಮಸ್ಕಾರ. ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ನ್ಯೂಯಾರ್ಕ್‌ನ ಕ್ಲೈಂಟ್‌ಗೆ ದಿನಾ ಮೇಲ್ ಹಾಕಬೇಕು. ‘ಶುಕ್ರವಾರದೊಳಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿ’ ಅನ್ನೋದಕ್ಕೆ ‘ವಿದಿನ್ ಫ್ರೈಡೇ’ ಸರಿಯಾ, ‘ಬೈ ಫ್ರೈಡೇ’ನಾ, ‘ಟಿಲ್ ಫ್ರೈಡೇ’ನಾ? ಓದಿದವರಿಗೆ ಒರಟು ಅನ್ನಿಸಲೂಬಾರದು.

ಉತ್ತರ 1:
‘ಬೈ ಫ್ರೈಡೇ’. ಕಣ್ಣು ಮುಚ್ಚಿಕೊಂಡು ಬರೆಯಿರಿ.

ಉತ್ತರ 2:
ಹೌದು, ‘ಬೈ’ನೇ. ನಾನು ಮೈಸೂರಿನಲ್ಲಿ ಕೂತು ಅಮೆರಿಕದ ಕಂಪನಿಯೊಂದರ ಪೇರೋಲ್ ನೋಡಿಕೊಳ್ಳುವವಳು. ಗಡುವು ನೆನಪಿಸುವ ಮೇಲ್‌ಗಳೇ ಅರ್ಧ ಕೆಲಸ.

ನಮ್ಮ ‘ಒಳಗೆ’ ಎರಡಕ್ಕೂ ನಡೆಯುತ್ತದೆ: ಶುಕ್ರವಾರದೊಳಗೆ, ಮೂರು ದಿನದೊಳಗೆ. ಇಂಗ್ಲಿಷ್‌ನಲ್ಲಿ ವಾರ, ತಾರೀಖು, ಗಂಟೆ ಹೇಳಿದರೆ ‘ಬೈ’. ಇಷ್ಟು ದಿನ ಅಂತ ಅವಧಿ ಹೇಳಿದರೆ ‘ವಿದಿನ್ ತ್ರೀ ಡೇಸ್’. ‘ಟಿಲ್’ ಅಂದರೆ ಅಲ್ಲಿಯ ತನಕ ನಡೆಯುತ್ತಲೇ ಇರುವುದು. ‘ಸೆಂಡ್ ಇಟ್ ಟಿಲ್ ಫ್ರೈಡೇ’ ಅನ್ನಬೇಡಿ. ‘ಯೂ ಹ್ಯಾವ್ ಟಿಲ್ ಫ್ರೈಡೇ’ ಅನ್ನಬಹುದು. ‘ಬಿಫೋರ್ ಫ್ರೈಡೇ’ ಅಂದರೆ ಗುರುವಾರಕ್ಕೇ ಕೈಸೇರಬೇಕು.

ಒರಟಾಗದಿರಲು ‘ಕುಡ್ ಯೂ ಸೆಂಡ್ ಅಸ್ ದ ಸ್ಟೇಟ್‌ಮೆಂಟ್ ಬೈ ಫ್ರೈಡೇ?’ ಸಾಕು. ಜೊತೆಗೆ ಕಾರಣ ಹೇಳಿ: ‘ಸೋ ವೀ ಕ್ಯಾನ್ ಕ್ಲೋಸ್ ದ ಬುಕ್ಸ್ ಆನ್ ಮಂಡೇ’. ಯಾಕೆ ಬೇಕು ಅಂತ ಗೊತ್ತಾದರೆ ಜನ ಬೇಗ ಕಳಿಸುತ್ತಾರೆ. ‘ನೋ ಲೇಟರ್ ದ್ಯಾನ್’ ಖಡಕ್ಕಾದ ಮಾತು, ಸುಮ್ನೆ ಬಳಸಬೇಡಿ. ಕೊನೆಯ ರಿಮೈಂಡರ್‌ಗೆ ಇರಲಿ.

ನಿಜವಾದ ತೊಂದರೆ ‘ಎಂಡ್ ಆಫ್ ಡೇ’ಯಲ್ಲಿದೆ. ಯಾರ ದಿನ? ನ್ಯೂಯಾರ್ಕ್‌ನ ಶುಕ್ರವಾರ ಸಂಜೆ 5 ಗಂಟೆ ನಮಗೆ ಶನಿವಾರ ಬೆಳಗಿನ ಜಾವ 2:30. ನವೆಂಬರ್‌ನಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದಿಟ್ಟರೆ ಮಾರ್ಚ್ ತನಕ ಅದು 3:30. ಅದಕ್ಕೇ ‘ಬೈ 5 ಪಿಎಂ ನ್ಯೂಯಾರ್ಕ್ ಟೈಮ್ ಆನ್ ಫ್ರೈಡೇ’ ಅಂತ ಪೂರ್ತಿ ಬರೆಯಿರಿ. ಉದ್ದ ಆಯ್ತು ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಉತ್ತರ 3:
ತಾರೀಖನ್ನು 3/4 ಅಂತಲೂ ಹಾಕಬೇಡಿ. ನಮಗೆ ಅದು ಏಪ್ರಿಲ್ 3, ಅವರಿಗೆ ಮಾರ್ಚ್ 4. ತಿಂಗಳ ಹೆಸರನ್ನೇ ಬರೆಯಿರಿ. ‘ನೆಕ್ಸ್ಟ್ ಫ್ರೈಡೇ’ ಕೂಡ ಬೇಡ. ಒಬ್ಬರು ಈ ವಾರದ್ದು ಅಂದುಕೊಂಡರೆ ಇನ್ನೊಬ್ಬರು ಮುಂದಿನ ವಾರದ್ದು ಅಂದುಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಇನ್ನೊಂದು ಡೌಟು. ಅವರೇ ‘ಬೈ ಮಿಡ್‌ನೈಟ್ ಫ್ರೈಡೇ’ ಅಂತ ಬರೆದಿದ್ದಾರೆ. ಗುರುವಾರ ರಾತ್ರಿಯಾ, ಶುಕ್ರವಾರ ರಾತ್ರಿಯಾ?

ಉತ್ತರ 2:
ಹೆಚ್ಚಿನವರ ಮನಸ್ಸಿನಲ್ಲಿ ಶುಕ್ರವಾರ ರಾತ್ರಿ ಇರುತ್ತದೆ. ಆದರೂ ಊಹೆ ಮಾಡಬೇಡಿ, ಇವತ್ತೇ ಕೇಳಿಬಿಡಿ: ‘ಜಸ್ಟ್ ಟು ಕನ್‌ಫರ್ಮ್, ಈಸ್ ದಟ್ 11:59 ಪಿಎಂ ಆನ್ ಫ್ರೈಡೇ, ಯುವರ್ ಟೈಮ್?’