ಎಲ್ರಿಗೂ ಕೋಪೈಲಟ್ ಕೊಡಿ ಅಂತಿದಾರೆ ಎಂಡಿ, ಸೆಕ್ಯೂರಿಟಿ ಎಲ್ಲಿಂದ ಶುರು ಮಾಡ್ಲಿ?

ಪೀಣ್ಯ_ಅಡ್ಮಿನ್:
ಎಲ್ರಿಗೂ ನಮಸ್ಕಾರ. ನಮ್ದು ಪೀಣ್ಯದಲ್ಲಿ ಮಷೀನಿಂಗ್ ಮಾಡೋ ಕಂಪ್ನಿ, ಇನ್ನೂರು ಚಿಲ್ರೆ ಜನ, ಐಟಿ ಅಂದ್ರೆ ನಾನು ಮತ್ತೆ ಒಬ್ಬ ಹುಡುಗ ಅಷ್ಟೇ. ಜರ್ಮನಿ ಕಸ್ಟಮರ್‌ಗಳ ಡ್ರಾಯಿಂಗ್ ಎಲ್ಲಾ ಶೇರ್‌ಪಾಯಿಂಟಲ್ಲಿದೆ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಫೈಲ್ ಜಾಗ), ಎಲ್ಲದಕ್ಕೂ ಎನ್‌ಡಿಎ (ಗುಟ್ಟು ಕಾಪಾಡೋ ಒಪ್ಪಂದ) ಇದೆ. ಈಗ ಎಂಡಿ ಸರ್ ಎಲ್ರಿಗೂ ಮೈಕ್ರೋಸಾಫ್ಟ್ ಕೋಪೈಲಟ್ ಅನ್ನೋ ಎಐ ಸಹಾಯಕ ಕೊಡ್ಸಿ, ಆಮೇಲೆ ಸೇಲ್ಸ್ ಮೇಲ್‌ಗೆ ತಾನೇ ಉತ್ತರ ಕೊಡೋ ಏಜೆಂಟ್ ಬೇಕು ಅಂತಿದಾರೆ. ಇನ್ನೊಂದ್ಕಡೆ ಪರ್ಚೇಸ್‌ನವ್ರು, ಡಿಸೈನ್‌ನವ್ರು ಆಗ್ಲೇ ಫ್ರೀ ಚಾಟ್‌ಜಿಪಿಟಿ ಬಳಸ್ತಿರೋದು ಫೈರ್‌ವಾಲ್ ಲಾಗಲ್ಲಿ (ನೆಟ್‌ವರ್ಕ್ ಕಾವಲಿನ ದಾಖಲೆ) ಕಾಣ್ತಿದೆ, ಒಳಗೆ ಏನ್ ಪೇಸ್ಟ್ ಮಾಡ್ತಿದಾರೋ ಅದು ಕಾಣಲ್ಲ, ಅದೇ ನಂಗೆ ಭಯ. ಪೂರ್ತಿ ಬ್ಲಾಕ್ ಮಾಡ್ಲಾ, ಬಿಟ್ಟು ರೂಲ್ಸ್ ಮಾಡ್ಲಾ? ಬಜೆಟ್ ಕಮ್ಮಿ. ಕೈಯಾರೆ ಮಾಡ್ದೋರು ಹೇಳಿ, ವೆಂಡರ್‌ಗಳ ಪಿಪಿಟಿ ಸಾಕಷ್ಟು ನೋಡಾಯ್ತು.

ರಾತ್ರಿಪಾಳಿ_ಎಸ್‌ಒಸಿ:
ಬರೀ ಬ್ಲಾಕ್‌ನಿಂದ ಆಗಲ್ಲ ಸರ್. 2023ರಲ್ಲಿ ಸ್ಯಾಮ್‌ಸಂಗ್ ಸೆಮಿಕಂಡಕ್ಟರ್ ವಿಭಾಗದ ಇಂಜಿನಿಯರ್‌ಗಳು ಸೋರ್ಸ್ ಕೋಡ್‌ನೇ ಚಾಟ್‌ಜಿಪಿಟಿಗೆ ಹಾಕಿದ್ರು, ಮೇ ತಿಂಗ್ಳಲ್ಲಿ ಕಂಪ್ನಿ ಬ್ಯಾನ್ ಮಾಡ್ತು. ಅವ್ರು ಕದ್ದು ಮಾರೋಕೆ ಹೋದೋರಲ್ಲ, ಕೋಡಲ್ಲಿರೋ ತಪ್ಪು ಹುಡುಕೋಕೆ ಹೋದೋರು. ನಿಮ್ಮೋರೂ ಅಷ್ಟೇ, ಕೆಲ್ಸ ಬೇಗ ಮುಗೀಲಿ ಅಂತ ಮಾಡ್ತಿದಾರೆ. ಬ್ಲಾಕ್ ಮಾಡಿದ್ರೆ ಸ್ಕ್ರೀನ್ ಫೋಟೋ ಹೊಡ್ಕೊಂಡು ಮೊಬೈಲಲ್ಲಿ ಕೇಳ್ತಾರೆ, ಆಗ ನಿಮ್ ಹತ್ರ ಲಾಗೂ ಇರಲ್ಲ. ಮೊದ್ಲು ಕಂಪ್ನಿ ಅಕೌಂಟಲ್ಲಿ ಒಂದು ಟೂಲ್ ಕೊಡಿ, ಆಮೇಲೆ ಮಿಕ್ಕಿದ್ದನ್ನ ಬ್ಲಾಕ್ ಮಾಡಿ.

ಅದಕ್ಕೂ ಮುಂಚೆ ಪರ್ಮಿಷನ್ ನೋಡಿ ದಯವಿಟ್ಟು. ಯೂಸರ್‌ಗೆ ಯಾವ ಫೈಲ್ ಓಪನ್ ಮಾಡೋ ಹಕ್ಕಿದ್ಯೋ ಅದನ್ನೇ ಕೋಪೈಲಟ್ ಓದೋದು, ಹೊಸ ಹಕ್ಕೇನೂ ಕೊಡಲ್ಲ, ಆದ್ರೆ ವರ್ಷಗಟ್ಲೆಯಿಂದ ಅವಸರಕ್ಕೆ ಎಲ್ರಿಗೂ ಶೇರ್ ಮಾಡಿ ಮರ್ತಿರೋ ಫೋಲ್ಡರ್ ಪ್ರತಿ ಕಂಪ್ನೀಲೂ ಇರತ್ತೆ. ಸಂಬಳದ ಎಕ್ಸೆಲ್ ಎಲ್ಲಿದೆ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಅದಕ್ಕೇ ಇಷ್ಟು ದಿನ ಬಚಾವ್, ಈಗ ಯಾರಾದ್ರೂ ಮ್ಯಾನೇಜರ್ ಸಂಬಳ ಎಷ್ಟು ಅಂತ ಸುಮ್ನೆ ಕೇಳಿದ್ರೂ ಉತ್ತರ ಬಂದ್ಬಿಡತ್ತೆ.

ಆಡಿಟ್_ಅಕ್ಕ:
ಪರ್ಮಿಷನ್ ಮಾತು ನೂರಕ್ಕೆ ನೂರು ಸರಿ, ಬ್ಯಾನ್ ವಿಷ್ಯದಲ್ಲಿ ನಾನು ಒಪ್ಪಲ್ಲ. ಆ ಡ್ರಾಯಿಂಗ್ ನಿಮ್ದಲ್ಲ, ಕಸ್ಟಮರ್‌ದು. ಎನ್‌ಡಿಎ ತೆಗ್ದು ಒಂದೊಂದೇ ಓದಿ, ಮೂರನೆಯವ್ರಿಗೆ ಕೊಡ್ಬಾರ್ದು ಅಂತಿದ್ರೆ ಕಸ್ಟಮರ್ ಬರ್ದು ಒಪ್ಪೋವರ್ಗೂ ಆ ಫೋಲ್ಡರ್ ಮಟ್ಟಿಗೆ ಎಐ ಬೇಡ್ವೇ ಬೇಡ. ಕೇಂದ್ರ ಹಣಕಾಸು ಸಚಿವಾಲಯಾನೇ 2025ರ ಜನವರೀಲಿ ಆಫೀಸ್ ಕಂಪ್ಯೂಟರಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಥರದ್ದು ಬಳಸ್ಬೇಡಿ ಅಂತ ತನ್ನ ನೌಕರರಿಗೆ ಹೇಳ್ತು.

ಇನ್ನೊಂದು, ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನ ನಿಮ್ಗೂ ಅನ್ವಯಿಸತ್ತೆ. ಅದ್ರಲ್ಲಿ ಪಟ್ಟಿ ಮಾಡಿರೋ ಥರದ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆ ಒಳಗೆ ಅವ್ರಿಗೆ ತಿಳಿಸ್ಬೇಕು, ಲಾಗ್ 180 ದಿನ ಇಟ್ಟಿರ್ಬೇಕು. ಏಜೆಂಟ್ ಯಾವ ಫೈಲ್ ಓದ್ತು, ಯಾರಿಗೆ ಮೇಲ್ ಹಾಕ್ತು ಅನ್ನೋದೇ ಲಾಗಲ್ಲಿ ಇಲ್ದೆ ಇದ್ರೆ ಆ 6 ಗಂಟೇಲಿ ಏನಂತ ಬರೀತೀರ? ನೌಕರರ ಆಧಾರ್, ಬ್ಯಾಂಕ್ ವಿವರ ಹೋದ್ರೆ ಅದು ಡಿಪಿಡಿಪಿ (ವೈಯಕ್ತಿಕ ಡೇಟಾ ರಕ್ಷಣೆ) ಕಾಯ್ದೆ ವ್ಯಾಪ್ತಿಗೆ ಬರತ್ತೆ, ಡೇಟಾನ ಸರಿಯಾಗಿ ಕಾಪಾಡ್ದೆ ಇದ್ರೆ ಆ ಕಾಯ್ದೇಲಿ ದಂಡ 250 ಕೋಟಿವರ್ಗೂ ಇದೆ. ಬಜೆಟ್ ಕೇಳೋವಾಗ ಎಂಡಿ ಮುಂದೆ ಈ ಅಂಕಿ ಇಡಿ.

ಬಗ್_ಬೇಟೆ:
ಎಲ್ರೂ ನೌಕರರು ಏನ್ ಪೇಸ್ಟ್ ಮಾಡ್ತಾರೆ ಅಂತಾನೇ ಮಾತಾಡ್ತಿದೀರ, ನಂಗೆ ಅದಕ್ಕಿಂತ ಭಯ ಆಗಿದ್ದು ಆ ಸೇಲ್ಸ್ ಮೇಲ್ ಏಜೆಂಟ್ ನೋಡಿ. ಎಕೋಲೀಕ್ ಅನ್ನೋ ಸೆಕ್ಯೂರಿಟಿ ದೋಷದ ಬಗ್ಗೆ ಓದಿ, 2025ರ ಜೂನಲ್ಲಿ ಬಯಲಾಗಿದ್ದು, ಮೈಕ್ರೋಸಾಫ್ಟ್ 365 ಕೋಪೈಲಟ್‌ದೇ. ಹೊರಗಿನೋನು ಒಂದು ಮಾಮೂಲಿ ಥರದ ಮೇಲ್ ಕಳಿಸ್ತಾನೆ, ಅದ್ರೊಳಗೆ ಎಐಗೆ ಅಂತಾನೇ ಬರೆದಿರೋ ಸೂಚನೆ ಇರತ್ತೆ, ಆಮೇಲೆ ಯೂಸರ್ ಕೋಪೈಲಟ್‌ಗೆ ಬೇರೇನೋ ಕೇಳಿದಾಗ ಅದು ಆ ಮೇಲನ್ನೂ ಎತ್ಕೊಂಡು ಓದಿ ಒಳಗಿನ ಮಾಹಿತೀನ ಹೊರಗಡೆ ಕಳಿಸೋ ಹಾಗೆ ಮಾಡ್ಬಹುದಿತ್ತು, ಯಾರೂ ಯಾವ ಲಿಂಕೂ ಒತ್ತಬೇಕಾಗಿರ್ಲಿಲ್ಲ. ಮೈಕ್ರೋಸಾಫ್ಟ್ ಸರಿ ಮಾಡ್ತು, ಆದ್ರೆ ಬೇರು ಹಾಗೇ ಇದೆ. ಯಜಮಾನ ಹೇಳಿದ್ದು ಯಾವ್ದು, ಬೀದೀಲಿ ಹೋಗೋನು ಹೇಳಿದ್ದು ಯಾವ್ದು ಅಂತ ಗೊತ್ತಿಲ್ಲದ ಕೆಲಸದಾಳು ಇದ್ದ ಹಾಗೆ ಈ ಎಐ ಮಾಡೆಲ್‌ಗಳು, ಎರಡೂ ಅದಕ್ಕೆ ಅಕ್ಷರವೇ.

ಅದಕ್ಕೆ ನಾನು ನೋಡೋದು ಮೂರೇ: ಗುಟ್ಟಿನ ಡೇಟಾ ಓದತ್ತಾ, ಹೊರಗಿನೋರು ಬರೆದಿದ್ದು ಅದರೊಳಗೆ ಹೋಗತ್ತಾ, ತಾನಾಗೇ ಹೊರಗೆ ಏನಾದ್ರೂ ಕಳಿಸತ್ತಾ. ಮೂರೂ ಒಂದೇ ಏಜೆಂಟಲ್ಲಿ ಸೇರಿದ್ರೆ ಅದು ಬೇಡ. ನಿಮ್ ಎಂಡಿ ಕೇಳ್ತಿರೋದ್ರಲ್ಲಿ ಮೂರೂ ಇದೆ! ಡ್ರಾಫ್ಟ್ ಅದು ಬರೀಲಿ, ಸೆಂಡ್ ಮನುಷ್ಯರೇ ಒತ್ಲಿ, ಡ್ರಾಯಿಂಗ್ ಫೋಲ್ಡರ್ ಅದ್ರ ಕಣ್ಣಿಗೇ ಬೀಳ್ಬಾರ್ದು. ಮತ್ತೆ ಏಜೆಂಟ್‌ಗೆ ಕೊಟ್ಟಿರೋ ಟೋಕನ್‌ಗಳ (ಪಾಸ್‌ವರ್ಡ್ ಕೇಳ್ದೆ ಒಳಗೆ ಬಿಡೋ ಡಿಜಿಟಲ್ ಕೀ) ಲಿಸ್ಟ್ ಇಡಿ. 2025ರ ಆಗಸ್ಟಲ್ಲಿ ಡ್ರಿಫ್ಟ್ ಅನ್ನೋ ಚಾಟ್ ಟೂಲಿನ ಟೋಕನ್ ಕದ್ದು ನೂರಾರು ಕಂಪ್ನಿಗಳ ಸೇಲ್ಸ್‌ಫೋರ್ಸ್ (ಗ್ರಾಹಕರ ಮಾಹಿತಿ ಇಡೋ ಸಾಫ್ಟ್‌ವೇರ್) ಡೇಟಾ ತೆಗೆದ್ರು, ಕ್ಲೌಡ್‌ಫ್ಲೇರ್, ಪಾಲೋ ಆಲ್ಟೋದಂಥ ಸೆಕ್ಯೂರಿಟಿ ಕಂಪ್ನಿಗಳನ್ನೂ ಬಿಡ್ಲಿಲ್ಲ. ಪಾಸ್‌ವರ್ಡ್ ಎಷ್ಟೇ ಗಟ್ಟಿ ಇದ್ರೂ ಅಲ್ಲಿ ಉಪಯೋಗಕ್ಕೆ ಬರ್ಲಿಲ್ಲ.

ಪೀಣ್ಯ_ಅಡ್ಮಿನ್:
ತುಂಬಾ ಉಪಕಾರ ಆಯ್ತು. ಏಜೆಂಟ್ ತಾನಾಗೇ ಕಳಿಸೋದು ಬೇಡ ಅಂತ ಎಂಡಿ ಸರ್‌ಗೆ ಇವತ್ತೇ ಬರೀತೀನಿ, ಎನ್‌ಡಿಎಗಳನ್ನ ಲಾಯರ್ ಹತ್ರ ಕೂತು ನೋಡ್ತೀನಿ ಅಕ್ಕ. ಆದ್ರೆ ಶೇರ್‌ಪಾಯಿಂಟ್ ಪರ್ಮಿಷನ್ ಒಂದೊಂದೇ ನೋಡೋಕೆ ಇಬ್ರಿಂದ ಸಾಧ್ಯಾನೇ ಇಲ್ಲ, ದುಡ್ಡಿಲ್ದೆ ಏನಾದ್ರೂ ದಾರಿ ಇದ್ಯಾ?

ರಾತ್ರಿಪಾಳಿ_ಎಸ್‌ಒಸಿ:
ಇದೆ. ಕೋಪೈಲಟ್ ಲೈಸೆನ್ಸ್ ಜೊತೆಗೇ ಶೇರ್‌ಪಾಯಿಂಟ್ ಅಡ್ವಾನ್ಸ್ಡ್ ಮ್ಯಾನೇಜ್‌ಮೆಂಟ್ ಅನ್ನೋ ಪರ್ಮಿಷನ್ ನೋಡ್ಕೊಳ್ಳೋ ಟೂಲ್ ಸಿಗತ್ತೆ, ಬೇರೆ ಕೊಳ್ಳೋದು ಬೇಡ. ಅದಕ್ಕೇ ಎಲ್ರಿಗೂ ಒಟ್ಟಿಗೆ ತಗೋಬೇಡಿ, ಶುರೂಲಿ ಐಟಿಗೆ ಮಾತ್ರ ತಗೊಂಡು ಡೇಟಾ ಆಕ್ಸೆಸ್ ಗವರ್ನೆನ್ಸ್ ರಿಪೋರ್ಟ್ ತೆಗೀರಿ, ಯಾವ ಸೈಟ್ ಎಲ್ರಿಗೂ ತೆರೆದಿದೆ ಅಂತ ಅದ್ರಲ್ಲಿ ಬರತ್ತೆ. ಎಚ್‌ಆರ್, ಅಕೌಂಟ್ಸ್, ಡ್ರಾಯಿಂಗ್ ಈ ಮೂರು ಮೊದ್ಲು. ಪ್ರತಿ ಫೋಲ್ಡರ್‌ಗೂ ಆ ಡಿಪಾರ್ಟ್‌ಮೆಂಟ್‌ನ ಒಬ್ರ ಹೆಸ್ರು ಹಾಕಿ, ಯಾರಿಗೆ ಬೇಕು ಯಾರಿಗೆ ಬೇಡ ಅಂತ ಅವ್ರೇ ಹೇಳ್ಲಿ, ಅದನ್ನ ಐಟಿಯವ್ರು ಊಹೆ ಮಾಡಿ ತೆಗೆದ್ರೆ ಮಾರನೇ ದಿನ ಶಾಪ್‌ಫ್ಲೋರಲ್ಲಿ ಕೆಲ್ಸ ನಿಲ್ಲತ್ತೆ. ರಿಪೋರ್ಟ್ ಬಂದ್ಮೇಲೆ ಹೆಸ್ರುಗಳನ್ನ ಮುಚ್ಚಿ ಇಲ್ಲಿ ಹಾಕಿ, ನೋಡೋಣ.