ಬೇರೆಯವರು ಬಿಡಿಸಿದ ಚಿತ್ರಗಳಿಂದ ಆಟ ಕಟ್ಟುವುದು: ನಿಮ್ಮ ಅನುಭವ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಬ್ಬಳೇ ಕೂತು ಒಂದು 2ಡಿ ಆಟ ಮಾಡುತ್ತಿದ್ದೇನೆ, ಮೇಲಿನಿಂದ ನೋಡುವಂಥದ್ದು. ಕೋಡ್ ಬರೆಯೋಕೆ ಬರುತ್ತದೆ, ಚಿತ್ರ ಬಿಡಿಸೋಕೆ ಬರುವುದಿಲ್ಲ. ಹಾಗಾಗಿ ಮರ, ಮನೆ, ಪಾತ್ರ ಎಲ್ಲವನ್ನೂ ಆಟದ ಚಿತ್ರಗಳನ್ನು ಹಂಚುವ ಓಪನ್‌ಗೇಮ್‌ಆರ್ಟ್ ಜಾಲತಾಣದಿಂದ ತಂದು ಹಾಕಿದ್ದೇನೆ. ಎರಡು ತೊಂದರೆ. ಒಂದು, ಒಂದೊಂದು ಚಿತ್ರ ಒಂದೊಂದು ಥರ ಕಾಣುತ್ತಿದೆ. ಇನ್ನೊಂದು, ಲೈಸೆನ್ಸ್. ಎಲ್ಲ ಕ್ರಿಯೇಟಿವ್ ಕಾಮನ್ಸ್ (ಸಿಸಿ), ಅಂದರೆ ಬೇರೆಯವರು ಬಳಸಲು ಅನುಮತಿ ಕೊಡುವ ಲೈಸೆನ್ಸ್‌ಗಳು: ಕೆಲವು ಸಿಸಿ0, ಕೆಲವು ಸಿಸಿ ಬೈ, ಕೆಲವು ಬೈ-ಎಸ್‌ಎ. ಮುಂದೆ ಆಟವನ್ನು ಮಾರುವ ಆಸೆ ಇದೆ. ಬರೀ ಬಣ್ಣ ಬದಲಾಯಿಸಿದರೂ ಹೇಳಬೇಕಾ? ನನ್ನ ಕೋಡನ್ನೂ ಎಲ್ಲರಿಗೂ ಬಿಟ್ಟುಕೊಡಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ 1

ಚಿತ್ರಗಳನ್ನು ಹೊಂದಿಸುವ ಬಗ್ಗೆ ನಾನು ಹೇಳುತ್ತೇನೆ, ಲೈಸೆನ್ಸ್ ವಿಷಯ ಬೇರೆಯವರು ಹೇಳಲಿ.

ಎಲ್ಲವನ್ನೂ ಎಲ್ಲದಕ್ಕೂ ಹೊಂದಿಸಲು ಹೋಗಬೇಡಿ. ನಿಮ್ಮ ಆಟದಲ್ಲಿ ಯಾವ ಸೆಟ್ ಜಾಸ್ತಿ ಜಾಗ ತುಂಬಿದೆ ನೋಡಿ. ಸಾಮಾನ್ಯವಾಗಿ ನೆಲ, ಗೋಡೆಯ ಟೈಲ್‌ಗಳೇ (ಪಕ್ಕಪಕ್ಕ ಜೋಡಿಸುವ ಚೌಕ ಚಿತ್ರಗಳು) ಇರುತ್ತವೆ. ಅದೇ ಯಜಮಾನ. ಉಳಿದದ್ದೆಲ್ಲ ಅದಕ್ಕೆ ಬಗ್ಗಬೇಕು.

ಮೊದಲು ನೋಡಬೇಕಾದದ್ದು ಪಿಕ್ಸೆಲ್ ಗಾತ್ರ. 32 ಪಿಕ್ಸೆಲ್ ಟೈಲ್ ಪಕ್ಕದಲ್ಲಿ 16 ಪಿಕ್ಸೆಲ್ ಮರವನ್ನು ಎರಡು ಪಟ್ಟು ಹಿಗ್ಗಿಸಿ ಇಟ್ಟರೆ ಅದರ ಒಂದೊಂದು ಚುಕ್ಕಿಯೂ ದಪ್ಪಗೆ ಕಾಣುತ್ತದೆ. ಆಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅಂತ ಅನಿಸಿಯೇ ಅನಿಸುತ್ತದೆ. ಅಂಥ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಅರ್ಧಂಬರ್ಧ ಅಳತೆಗೆ, ಅಂದರೆ ಒಂದೂವರೆ ಪಟ್ಟಿಗೆ, ಹಿಗ್ಗಿಸುವುದಂತೂ ಬೇಡವೇ ಬೇಡ.

ಆಮೇಲೆ ಬಣ್ಣ. ಪೂರ್ತಿ ಆಟಕ್ಕೆ ಒಂದೇ ಪ್ಯಾಲೆಟ್, ಅಂದರೆ ಆಯ್ದ ಬಣ್ಣಗಳ ಪಟ್ಟಿ, ಇಟ್ಟುಕೊಳ್ಳಿ. ಡಾನ್‌ಬ್ರಿಂಗರ್ ಅವರ 32 ಬಣ್ಣದ ಪ್ಯಾಲೆಟ್ ಶುರು ಮಾಡೋಕೆ ಚೆನ್ನಾಗಿದೆ. ಗಿಂಪ್ ಅನ್ನುವ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಚಿತ್ರವನ್ನು ಇಂಡೆಕ್ಸ್ಡ್ ಮೋಡ್‌ಗೆ (ಪ್ಯಾಲೆಟ್‌ನ ಬಣ್ಣಗಳಷ್ಟೇ ಉಳಿಯುವ ರೂಪ) ಬದಲಾಯಿಸುವಾಗ ಆ ಪ್ಯಾಲೆಟ್ ಆರಿಸಿ, ಡಿದರಿಂಗ್ (ಇಲ್ಲದ ಬಣ್ಣವನ್ನು ಚುಕ್ಕಿ ಬೆರೆಸಿ ತೋರಿಸುವುದು) ಬೇಡ ಅನ್ನಿ. ಒಂದು ಮರವನ್ನೇ ತೆಗೆದುಕೊಳ್ಳಿ. ಎಲೆಯಲ್ಲಿ ಎಂಟು ಹಸಿರು ಇದ್ದದ್ದು ಮೂರೋ ನಾಲ್ಕೋ ಆಗುತ್ತದೆ. ನೆರಳಿನ ಹಸಿರು ಕೆಲವು ಕಡೆ ಕಂದು ಬಣ್ಣಕ್ಕೆ ಜಾರಿರುತ್ತದೆ, ಕಾಂಡದ ಅಂಚು ಎಲೆಯ ಜೊತೆ ಕಲಸಿಹೋಗಿರುತ್ತದೆ. ಅಲ್ಲಿಗೆ ಸಾಫ್ಟ್‌ವೇರ್ ಕೆಲಸ ಮುಗಿಯಿತು, ಇನ್ನು ಕೈಯಿಂದಲೇ ಒಂದೊಂದು ಚುಕ್ಕಿ ತಿದ್ದಬೇಕು. ಅಂಚಿನಲ್ಲಿ ಅರೆಪಾರದರ್ಶಕ ಪಿಕ್ಸೆಲ್ ಇದ್ದರೆ ಅಳಿಸಿ. ಇಷ್ಟು ಮಾಡಿ ಮರವನ್ನು ನೆಲದ ಮೇಲೆ ಇಟ್ಟು ನೋಡಿ, ಅಲ್ಲೇ ಬೆಳೆದ ಹಾಗಿರುತ್ತದೆ. ಚಿತ್ರ ಬಿಡಿಸೋಕೆ ಬರುವುದಿಲ್ಲ ಅಂದಿರಿ. ಈ ತಿದ್ದುವ ಕೆಲಸಕ್ಕೆ ಕಣ್ಣು ಮತ್ತು ತಾಳ್ಮೆ ಸಾಕು, ನಿಮ್ಮ ಕೈಲಿ ಖಂಡಿತ ಆಗುತ್ತದೆ.

ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಅನ್ನೋದನ್ನೂ ನೋಡಿ. ಯಜಮಾನ ಸೆಟ್‌ನಲ್ಲಿ ಎಡಗಡೆಯಿಂದ ಬರುತ್ತಿದ್ದರೆ ಎಲ್ಲದರಲ್ಲೂ ಎಡಗಡೆಯಿಂದಲೇ ಬರಲಿ. ಕೋಡ್‌ನಲ್ಲಿ ಪಾತ್ರವನ್ನು ಸುಮ್ನೆ ತಿರುಗಿಸಿದರೆ ಅದರ ಮೇಲಿನ ಬೆಳಕೂ ತಿರುಗಿಬಿಡುತ್ತದೆ.

ಉತ್ತರ 2

ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಇಷ್ಟು ತಿದ್ದುವ ಮೊದಲು ಎಲ್‌ಪಿಸಿ ಸೆಟ್ ನೋಡಿದ್ದೀರಾ? 2012ರಲ್ಲಿ ಕ್ರಿಯೇಟಿವ್ ಕಾಮನ್ಸ್, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಮತ್ತು ಓಪನ್‌ಗೇಮ್‌ಆರ್ಟ್ ಸೇರಿ ಲಿಬರೇಟೆಡ್ ಪಿಕ್ಸೆಲ್ ಕಪ್ (ಎಲ್‌ಪಿಸಿ) ಅಂತ ಸ್ಪರ್ಧೆ ನಡೆಸಿದವು. ಅದಕ್ಕೆ ಮೊದಲೇ ಒಂದು ಶೈಲಿಯ ಕೈಪಿಡಿ ಕೊಟ್ಟು, ಎಲ್ಲರೂ ಅದರಂತೆ ಬಿಡಿಸಿ ಅಂದರು. ಬೇರೆ ಬೇರೆಯವರ ಚಿತ್ರ ಒಂದಕ್ಕೊಂದು ಕೂಡಬೇಕು ಅನ್ನೋದೇ ಉದ್ದೇಶ, ನಿಮ್ಮ ತೊಂದರೆಯೂ ಅದೇ ಅಲ್ವಾ? ಟೈಲ್ 32 ಪಿಕ್ಸೆಲ್, ಪಾತ್ರದ ಫ್ರೇಮ್ 64. ಜನ ಇವತ್ತಿಗೂ ಅದಕ್ಕೆ ಬಟ್ಟೆ, ಕೂದಲು, ಆಯುಧ ಸೇರಿಸುತ್ತಲೇ ಇದ್ದಾರೆ. ಬೇಕಾದ್ದನ್ನು ಆರಿಸಿದರೆ ಪಾತ್ರವನ್ನು ಜೋಡಿಸಿಕೊಡುವ ಜನರೇಟರ್ ಕೂಡ ಇದೆ, ಯಾರು ಏನು ಬಿಡಿಸಿದ್ದು ಅನ್ನುವ ಕ್ರೆಡಿಟ್ ಪಟ್ಟಿಯನ್ನೂ ಅದೇ ಕೊಡುತ್ತದೆ. ಆ ಪಟ್ಟಿಯನ್ನು ಮರೆಯದೆ ಇಳಿಸಿಕೊಳ್ಳಿ. ಒಂದೇ ಪಾತ್ರದ ಹಿಂದೆ ಎಷ್ಟೋ ಜನರ ಕೈ ಇರುತ್ತದೆ.

ಉತ್ತರ 3

ಲೈಸೆನ್ಸ್‌ಗೆ ಬರೋಣ.

ಸಿಸಿ0 ಅಂದರೆ ಬರೆದವರು ತಮ್ಮ ಹಕ್ಕನ್ನು ಬಿಟ್ಟುಕೊಟ್ಟಿದ್ದಾರೆ, ಹೆಸರು ಹೇಳಲೇಬೇಕು ಅಂತಿಲ್ಲ. ಆಟಗಳಿಗೆ ಚಿತ್ರ ಮಾಡಿ ಹಂಚುವ ಕೆನ್ನಿಯ ಚಿತ್ರಗಳೆಲ್ಲ ಹೀಗೇ. ಗ್ಲಿಚ್ ಅನ್ನುವ ಆನ್‌ಲೈನ್ ಆಟ 2012ರಲ್ಲಿ ನಿಂತುಹೋದಾಗ, ಮರುವರ್ಷ ಅದರ ಬಹುಪಾಲು ಚಿತ್ರಗಳನ್ನೂ ಸಿಸಿ0 ಮಾಡಿದರು. ಸಿಸಿ ಬೈ ಇದ್ದರೆ ಹೆಸರು, ಮೂಲದ ಕೊಂಡಿ, ಲೈಸೆನ್ಸ್‌ನ ಹೆಸರು ಮತ್ತು ಕೊಂಡಿ ಕೊಡಬೇಕು. ನೀವು ಬದಲಾಯಿಸಿದ್ದರೆ ಅದನ್ನೂ ಹೇಳಬೇಕು. ಬರೀ ಬಣ್ಣವಾದರೂ ಸರಿ, "ಬಣ್ಣ ಬದಲಾಯಿಸಲಾಗಿದೆ" ಅಂತ ಒಂದು ಸಾಲು ಬರೆದರೆ ಮುಗಿಯಿತು. ಬೈ-ಎಸ್‌ಎಯಲ್ಲಿ ಇದರ ಜೊತೆಗೆ, ನೀವು ತಿದ್ದಿದ ಚಿತ್ರವನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು. ಈ ಮೂರರಲ್ಲೂ ಆಟವನ್ನು ಮಾರಬಹುದು. ಲೈಸೆನ್ಸ್ ಹೆಸರಿನಲ್ಲಿ ಎನ್‌ಸಿ ಇದ್ದರೆ ಮಾರುವ ಆಟಕ್ಕೆ ಆಗುವುದಿಲ್ಲ. ಎನ್‌ಡಿ ಇದ್ದರೆ ತಿದ್ದಿ ಹಂಚುವ ಹಾಗಿಲ್ಲ. ಅವೆರಡನ್ನೂ ದೂರ ಇಡಿ.

ಇಳಿಸಿಕೊಂಡ ಕ್ಷಣದಲ್ಲೇ ಎಲ್ಲವನ್ನೂ ಬರೆದಿಡಿ. ಆಮೇಲೆ ಹುಡುಕೋಣ ಅಂದರೆ ಫೈಲ್ ಹೆಸರು "ಟ್ರೀ2_ಫೈನಲ್" ಅಂತಿರುತ್ತದೆ, ಯಾರದು ಅಂತ ದೇವರಿಗೇ ಗೊತ್ತು. ನಾನು ಪ್ರತಿ ಸೆಟ್‌ಗೂ ಒಂದು ಫೋಲ್ಡರ್ ಮಾಡಿ, ಮೂಲ ಫೈಲನ್ನು ಮುಟ್ಟದೆ ಹಾಗೇ ಇಟ್ಟು, ಪಕ್ಕದಲ್ಲೇ ಒಂದು ಟೆಕ್ಸ್ಟ್ ಫೈಲ್ ಇಡುತ್ತೇನೆ. ಬಿಡಿಸಿದವರು, ಕೊಂಡಿ, ಲೈಸೆನ್ಸ್, ಇಳಿಸಿಕೊಂಡ ದಿನ, ನಾನು ಏನು ಬದಲಾಯಿಸಿದೆ, ಇಷ್ಟೇ ಅದರಲ್ಲಿ. ಲೈಸೆನ್ಸ್‌ನ ಆವೃತ್ತಿಯನ್ನೂ ಬರೆಯಿರಿ. 3.0ರಲ್ಲಿ ಷರತ್ತು ಮುರಿದರೆ ಹಕ್ಕು ತಾನಾಗಿಯೇ ಹೋಗುತ್ತದೆ. 4.0ರಲ್ಲಿ ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಹಕ್ಕು ಮರಳಿ ಬರುತ್ತದೆ. ಚಿತ್ರ ಇಳಿಸಿಕೊಂಡ ಪುಟವನ್ನು, ವೆಬ್ ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿಡುವುದೂ ಒಳ್ಳೆಯದು. ಒಮ್ಮೆ ಕೊಟ್ಟ ಸಿಸಿ ಲೈಸೆನ್ಸನ್ನು ವಾಪಸ್ ಪಡೆಯೋಕಾಗುವುದಿಲ್ಲ. ಆದರೆ ಪುಟವೇ ಮಾಯವಾದರೆ ಕೊಟ್ಟಿದ್ದರು ಅಂತ ತೋರಿಸೋಕೆ ನಿಮ್ಮ ಹತ್ತಿರ ಏನಾದರೂ ಇರಬೇಕಲ್ಲ.

ಕೇಳಿದವರು

ಬಹಳ ಉಪಕಾರವಾಯಿತು. ಎಸ್‌ಎ ಬಗ್ಗೆ ಇನ್ನೂ ಭಯ ಇದೆ. ಕೋಡ್?

ಉತ್ತರ 3

ಎಸ್‌ಎ ನಿಮ್ಮ ತಿದ್ದಿದ ಚಿತ್ರಕ್ಕೆ ಅಂಟಿಕೊಳ್ಳುತ್ತದೆ. ಕೋಡನ್ನು ಬೇರೆ ಕೃತಿ ಅಂತಲೇ ಸಾಮಾನ್ಯವಾಗಿ ನೋಡುತ್ತಾರೆ. 0 ಎ.ಡಿ. ಆಟ ನೋಡಿ: ಅದರ ಕೋಡ್ ಜಿಪಿಎಲ್ (ಹಂಚಿದರೆ ಕೋಡನ್ನೂ ತೆರೆದಿಡಬೇಕು ಅನ್ನುವ ಸಾಫ್ಟ್‌ವೇರ್ ಲೈಸೆನ್ಸ್), ಚಿತ್ರಗಳು ಸಿಸಿ ಬೈ-ಎಸ್‌ಎ. ಎರಡೂ ಒಂದೇ ಆಟದಲ್ಲಿ, ತಮ್ಮ ತಮ್ಮ ಲೈಸೆನ್ಸ್‌ನಲ್ಲಿ ಇವೆ. ಸಂಗೀತದ ವಿಷಯದಲ್ಲಿ ಮಾತ್ರ ಹುಷಾರು. ಚಲಿಸುವ ದೃಶ್ಯದ ಜೊತೆ ಸಮಯ ಹೊಂದಿಸಿ ಹಾಡು ಕೂಡಿಸಿದರೆ ಸಿಸಿ ಅದನ್ನು ರೂಪಾಂತರ ಅಂತಲೇ ಎಣಿಸುತ್ತದೆ. ಆದ್ದರಿಂದ ಟ್ರೇಲರ್‌ಗೆ ಎಸ್‌ಎ ಸಂಗೀತ ಹಾಕಬೇಡಿ, ಸಿಸಿ0 ಅಥವಾ ಬೈ ಹುಡುಕಿ. ಬರೀ ಜಿಪಿಎಲ್ ಇರುವ ಚಿತ್ರಗಳ ಬಗ್ಗೆ ವಾದ ಜಾಸ್ತಿ. ಮಾರುವ ಆಟ ಅಂದಮೇಲೆ ಅವನ್ನು ಬಿಟ್ಟು ಬೇರೆ ಆರಿಸುವುದೇ ನನ್ನ ಸಲಹೆ.

ಉತ್ತರ 4

ನಾನು ಆ ಕಡೆಯವಳು, ಚಿತ್ರ ಬಿಡಿಸಿ ಹಂಚುವವಳು. ಎರಡು ಮಾತು.

ಒಬ್ಬರು ಹಾಕಿದ್ದಾರೆ ಅಂದಮಾತ್ರಕ್ಕೆ ಅದು ಅವರದೇ ಆಗಿರಬೇಕಿಲ್ಲ. ಹೆಸರಾದ ಆಟಗಳಿಂದ ಕಿತ್ತ ಚಿತ್ರಕ್ಕೂ ಸಿಸಿ ಚೀಟಿ ಅಂಟಿಸಿ ಹಾಕುವವರು ಇದ್ದಾರೆ. ಅವರ ಬೇರೆ ಕೆಲಸ ನೋಡಿ. ಒಂದೊಂದು ಚಿತ್ರದ ಕೈ ಒಂದೊಂದು ಥರ ಇದ್ದರೆ, ಮೂಲ ಫೈಲ್ ಎಲ್ಲೂ ಇಲ್ಲದಿದ್ದರೆ, ಮುಟ್ಟಬೇಡಿ. ಚಿತ್ರವನ್ನು ಹಾಕಿ ಹುಡುಕುವ ಸರ್ಚ್‌ನಲ್ಲೂ ಒಮ್ಮೆ ನೋಡಿ.

ಇನ್ನೊಂದು, ತಿದ್ದಿದ್ದನ್ನು ವಾಪಸ್ ಹಂಚಿ. ಸಿಸಿ0 ಇದ್ದರೂ ಹಂಚಿ. ನನ್ನ ಬಾವಿಗೆ ಯಾರೋ ಒಬ್ಬರು ಮಳೆಗಾಲದ ರೂಪ ಮಾಡಿದ್ದರು, ಕಲ್ಲಿನ ಮೇಲೆ ಪಾಚಿ, ಅಂಚಿನಲ್ಲಿ ನೀರು. ಅದನ್ನು ಅವರು ತಂದು ತೋರಿಸಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅವರ ಪಾಚಿಯನ್ನು ಈಗ ನನ್ನ ಸೆಟ್‌ನಲ್ಲೇ ಸೇರಿಸಿದ್ದೇನೆ, ಅವರ ಹೆಸರಿನ ಜೊತೆ.

ಕೇಳಿದವರು

ಹಾಗಾದರೆ ಟೈಲ್‌ಗಳನ್ನು ಯಜಮಾನ ಮಾಡಿಕೊಂಡು, ಪಾತ್ರಗಳನ್ನು ಎಲ್‌ಪಿಸಿಯಿಂದ ತಂದು ಬಣ್ಣ ಹೊಂದಿಸುತ್ತೇನೆ. ಕ್ರೆಡಿಟ್ ಎಲ್ಲಿ ಹಾಕೋದು? ಮೊದಲ ಪರದೆಯಲ್ಲಿ ಅಷ್ಟು ಹೆಸರಿಗೆ ಜಾಗ ಇಲ್ಲ.

ಉತ್ತರ 2

ಮೆನುವಿನಲ್ಲಿ ಕ್ರೆಡಿಟ್ಸ್ ಅಂತ ಒಂದು ಬಟನ್ ಇಟ್ಟು, ಉರುಳುವ ಪಟ್ಟಿ ಮಾಡಿ. ಅದೇ ಪಟ್ಟಿ ಆಟದ ಫೋಲ್ಡರ್‌ನಲ್ಲಿ ಟೆಕ್ಸ್ಟ್ ಫೈಲ್ ಆಗಿಯೂ ಇರಲಿ. ನೀವು ಮಾರುವ ಜಾಗ ಆಟಕ್ಕೆ ಡಿಆರ್‌ಎಂ ಬೀಗ (ನಕಲು ಮಾಡದಂತೆ ತಡೆಯುವ ತಾಂತ್ರಿಕ ವ್ಯವಸ್ಥೆ) ಹಾಕುತ್ತದಾ ಅಂತಲೂ ನೋಡಿಕೊಳ್ಳಿ. ಸಿಸಿ ಬೈ ಮತ್ತು ಬೈ-ಎಸ್‌ಎ ಅದನ್ನು ಒಪ್ಪುವುದಿಲ್ಲ. ಈ ತೊಡಕು ಬೇಡ ಅಂತಲೇ ಓಪನ್‌ಗೇಮ್‌ಆರ್ಟ್‌ನವರು ಓಜಿಎ-ಬೈ ಅಂತ ತಮ್ಮದೇ ಲೈಸೆನ್ಸ್ ಮಾಡಿದ್ದಾರೆ. ಹುಡುಕುವಾಗ ಅದನ್ನೂ ಟಿಕ್ ಮಾಡಿಕೊಳ್ಳಿ. ಬೇಕಾದ ಚಿತ್ರ ಬೈ-ಎಸ್‌ಎಯಲ್ಲಿ ಮಾತ್ರ ಇದ್ದರೆ, ಬಿಡಿಸಿದವರಿಗೇ ಒಂದು ಸಂದೇಶ ಹಾಕಿ ಬೇರೆ ಲೈಸೆನ್ಸ್‌ನಲ್ಲೂ ಕೊಡುತ್ತೀರಾ ಅಂತ ಕೇಳಿ. ಆಟದ ಒಂದು ಚಿತ್ರವನ್ನೂ ಜೊತೆಗೆ ಕಳಿಸಿ, ಅವರ ಕೆಲಸ ಎಲ್ಲಿ ಕೂತಿದೆ ಅಂತ ಅವರಿಗೂ ಕಾಣಲಿ.