ಪದಚರ್ಚೆ: ಡೀಸೆಲ್‌ಗೂ ‘ಬರ’ ಅನ್ನಬಹುದಾ?

ತುಮಕೂರಿನಿಂದ

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಗುರುವಾರದ ಒಳಗೆ. ನನ್ನ ಕಾದಂಬರಿಯ ಹಿಂಬದಿಯ ರಕ್ಷಾಪುಟ ಅಂದು ಅಚ್ಚಿಗೆ ಹೋಗುತ್ತದೆ. ಒಳಗಿನ ಇನ್ನೂರು ಪುಟಕ್ಕೆ ಪಡದ ಕಷ್ಟ ಈ ಒಂದು ಸಾಲಿಗೆ ಪಡುತ್ತಿದ್ದೇನೆ.

ಕತೆ 2035ರದ್ದು. ಜಗತ್ತಿನಲ್ಲಿ ಕಚ್ಚಾ ಎಣ್ಣೆ ಸಾಲದೆ ಮೊದಲು ಬಂಕುಗಳು, ಆಮೇಲೆ ಬ್ಯಾಂಕುಗಳು ಬಾಗಿಲು ಹಾಕುತ್ತವೆ. ಶಿರಾ ಗೇಟ್ ಹತ್ತಿರದ ಒಂದು ಬಾಡಿಗೆ ಮನೆ. ಅಪ್ಪ ಕ್ಯಾಂಟರ್ ಓಡಿಸುತ್ತಿದ್ದ. ಅದರ ಕಂತು ಇನ್ನೂ ಹದಿನೆಂಟು ಬಾಕಿ ಇದೆ, ಗಾಡಿ ಮಾತ್ರ ಮನೆ ಮುಂದೆ ನಿಂತಲ್ಲೇ ನಿಂತಿದೆ. ಅದರ ಬಾಡಿಯಲ್ಲಿ ಅಮ್ಮ ಹುಣಸೆಹಣ್ಣು ಒಣಗಿಸುತ್ತಾಳೆ. ಕೊನೆಗೆ ಎರಡು ಚಕ್ರ ಬಿಚ್ಚಿ ಟೈರ್ ಗಾಡಿ ಮಾಡಿಸಿಕೊಂಡು, ಎತ್ತು ಹೂಡಿ, ಪಾವಗಡದ ಕಡೆ ಇರುವ ಅಜ್ಜಿಯ ಊರಿಗೆ ಹೊರಡುತ್ತಾರೆ. ಹತ್ತಿರ ಹತ್ತಿರ ನೂರು ಕಿಲೋಮೀಟರ್ ದಾರಿ.

ಈಗ ಬರೆದಿರುವ ಸಾಲು ಇದು: ‘ತೈಲ ಅಭಾವದಿಂದ ಉಂಟಾದ ಆರ್ಥಿಕ ಕುಸಿತದಲ್ಲಿ ಒಂದು ಕುಟುಂಬದ ಹೋರಾಟ.’ ಇಲಾಖೆಯ ಸುತ್ತೋಲೆ ಓದಿದ ಹಾಗಾಗುತ್ತದೆ. ‘ಎಣ್ಣೆ’ ಅಂತ ಬರೆದರೆ ಅರ್ಧ ಜನ ಒಗ್ಗರಣೆ ಅಂದುಕೊಳ್ಳುತ್ತಾರೆ, ಇನ್ನರ್ಧ ಜನ ಬಾರ್ ಅಂದುಕೊಳ್ಳುತ್ತಾರೆ. ‘ಕುಸಿತ’ ಅನ್ನುವ ಪದವೂ ಸವೆದುಹೋಗಿದೆ. ಷೇರು ಸ್ವಲ್ಪ ಇಳಿದರೂ ಕುಸಿತ, ಟೊಮೆಟೊ ಬೆಲೆ ಇಳಿದರೂ ಕುಸಿತ. ‘ಇಂಧನ’ ಅನ್ನೋಣವೆಂದರೆ ಕರೆಂಟೂ ಅದರಲ್ಲಿ ಸೇರುತ್ತದೆ. ನನ್ನ ಕತೆಯಲ್ಲಿ ಪಾವಗಡದ ಸೋಲಾರ್ ಪಾರ್ಕಿನಿಂದ ಹಗಲು ಕರೆಂಟ್ ಬರುತ್ತಿದೆ. ಇಲ್ಲದಿರುವುದು ಲಾರಿಗೆ ಹಾಕುವ ಡೀಸೆಲ್.

ನನ್ನ ಪ್ರಶ್ನೆ ಇಷ್ಟು. ಮಳೆ, ಬೆಳೆ, ನೀರು ಇಲ್ಲದಾಗ ಹೇಳುವ ‘ಬರ’ವನ್ನು ಇದಕ್ಕೆ ಹೇಳಬಹುದಾ?

ಚಿಂತಾಮಣಿಯಿಂದ

ಕಲ್ಲೆಣ್ಣೆ. ಒಂದೇ ಪದ, ಅಚ್ಚ ಕನ್ನಡ. ‘ಕಲ್ಲೆಣ್ಣೆ ಬರ’ ಅಂತ ಬರೆಯಿರಿ. ತೈಲ, ಅಭಾವ, ಆರ್ಥಿಕ, ಕುಟುಂಬ ಎಲ್ಲವನ್ನೂ ತೆಗೆದು ಹಾಕಿ. ನಿಮ್ಮ ಸಾಲಿನಲ್ಲಿ ಕನ್ನಡ ಅಂತ ಉಳಿದಿರುವುದೇ ನಾಲ್ಕು ಪದ. ಎಳ್ಳು, ನೆಯ್ (ಅಂದರೆ ತುಪ್ಪ, ಜಿಡ್ಡು) ಎರಡೂ ಸೇರಿ ಎಣ್ಣೆ ಆಯಿತು. ಅಷ್ಟು ಚೆಂದದ ಪದ ಮನೆಯಲ್ಲೇ ಇರುವಾಗ ಪಕ್ಕದ ಮನೆ ಕದ ಯಾಕೆ ತಟ್ಟಬೇಕು?

ತುಮಕೂರಿನಿಂದ, ಇನ್ನೊಬ್ಬರು

ಎಳ್ಳಿನ ಮಾತು ಬಂತಲ್ಲ, ಪೂರ್ತಿ ಹೇಳಿಬಿಡೋಣ. ತಿಲ ಅಂದರೆ ಎಳ್ಳು, ತಿಲದಿಂದ ಬಂದದ್ದು ತೈಲ. ಎಣ್ಣೆಯೂ ಎಳ್ಳಿನದು, ತೈಲವೂ ಎಳ್ಳಿನದು. ಎರಡೂ ತಮ್ಮ ಹುಟ್ಟು ಮರೆತು ಕಡಲೆಕಾಯಿ, ಕೊಬ್ಬರಿ, ಹರಳು ಎಲ್ಲಕ್ಕೂ ಆದವು. ತೈಲ ಇನ್ನೂ ಮುಂದೆ ಹೋಗಿ ನೆಲದಡಿಯ ಎಣ್ಣೆಗೂ ಆಯಿತು. ಪೆಟ್ರೋಲಿಯಂ ಅನ್ನುವುದೂ ಲ್ಯಾಟಿನ್‌ನ ಕಲ್ಲು ಮತ್ತು ಎಣ್ಣೆ ಸೇರಿ ಆದ ಪದ. ಹಾಗಾಗಿ ‘ಕಲ್ಲೆಣ್ಣೆ’ ಅಚ್ಚ ಕನ್ನಡ ಅಲ್ಲ, ಕನ್ನಡದ ಬಟ್ಟೆ ತೊಟ್ಟ ಲ್ಯಾಟಿನ್. ಅಷ್ಟಕ್ಕೂ ಬಂಕಿಗೆ ಹೋಗಿ ‘ಕಲ್ಲೆಣ್ಣೆ ಹಾಕಪ್ಪ’ ಅಂದವರನ್ನು ನಾನು ಕಂಡಿಲ್ಲ.

ಪತ್ರಿಕೆಗಳು ನೆಲೆ ನಿಲ್ಲಿಸಿದ ಪದ ‘ತೈಲ ಬಿಕ್ಕಟ್ಟು’. ಅದನ್ನೇ ಬಳಸಿ. ‘ತೈಲಬರ’ ಬೇಡ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಅರಿಸಮಾಸ.

ಗೌರಿಬಿದನೂರಿನಿಂದ

ಉರುವಲು. ಉರಿಯಿಂದ ಬಂದ ಪದ, ಹಳ್ಳಿಯಲ್ಲಿ ಇಂದಿಗೂ ಬದುಕಿದೆ. ‘ಉರುವಲಿನ ಬರ’ ಅಂದರೆ ಆಯಿತು.

ಇನ್ನೊಂದು ಮಾತು, ಕತೆಗೆ ಬೇಕಾಗಬಹುದು. ಡೀಸೆಲ್ ಅನ್ನುವುದು ಎಣ್ಣೆಯ ಹೆಸರಲ್ಲ, ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ ಹೆಸರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆತನ ಮಾದರಿಯ ಎಂಜಿನ್ ಒಂದನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ಪಾವಗಡದ ಅಜ್ಜಿಯ ಹೊಲದಲ್ಲಿ ಕಡಲೆಕಾಯಿ ಇಲ್ಲದೆ ಇರುತ್ತದಾ?

ಕೋಲಾರದಿಂದ

ಉರುವಲು ಅಂದರೆ ನಮ್ಮ ಕಡೆ ಜಾಲಿ ಸೌದೆ, ನೀಲಗಿರಿ ಸೊಪ್ಪು, ತೆಂಗಿನ ಗರಿ. ಅದಕ್ಕೆ ಬರ ಬಂದರೆ ಒಲೆ ಉರಿಯುವುದಿಲ್ಲ. ಕ್ಯಾಂಟರ್ ನಿಲ್ಲುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದನ್ನು ಬಿಡಿ.

ಕಲ್ಲೆಣ್ಣೆಯವರಿಗೂ ಒಂದು ಮಾತು. ಹೊರಗಿನಿಂದ ಬಂದದ್ದಕ್ಕೆ ಹೆಸರಿಡುವ ದಾರಿ ನಮ್ಮ ಜನಕ್ಕೆ ಮೊದಲೇ ಗೊತ್ತಿತ್ತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹುಣಸೆ, ಸೀಮೆಗೊಬ್ಬರ, ಸೀಮೆಹಸು. ಬೆಳಗ್ಗೆ ಐದೂವರೆಗೆ ನಮ್ಮೂರ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತ ಹೆಂಗಸರು ‘ಸೀಮೆಹಸುವಿನ ಹಾಲು, ಫ್ಯಾಟ್ ಕಮ್ಮಿ’ ಅನ್ನುತ್ತಾರೆ. ಆ ‘ಸೀಮೆ’ ಸಂಸ್ಕೃತದ್ದು, ‘ಫ್ಯಾಟ್’ ಇಂಗ್ಲಿಷಿನದು, ಹಸು ನಮ್ಮದು. ಯಾರಿಗೂ ಬಾಯಿ ತೊಡರುವುದಿಲ್ಲ. ಬೇಕಿದ್ದ ಪದವನ್ನು ತಂದುಕೊಂಡು ನಮ್ಮ ಹಸುವಿಗೇ ಕಟ್ಟಿದರು. ಅದು ಕನ್ನಡದ ಶಕ್ತಿ ಅಂತ ನಾನು ನಂಬಿದ್ದೇನೆ.

‘ಬಿಕ್ಕಟ್ಟು’ ಯಾಕೆ ಒಪ್ಪುವುದಿಲ್ಲ ಅಂದರೆ, ಬಿಕ್ಕಟ್ಟು ಒಂದು ದಿನ ಬಗೆಹರಿಯುತ್ತದೆ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಎಣ್ಣೆ ತಡೆದವು. 3 ಡಾಲರ್ ಆಸುಪಾಸು ಇದ್ದ ಪೀಪಾಯಿ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತು. 1974ರ ಮಾರ್ಚ್‌ನಲ್ಲಿ ತಡೆ ತೆಗೆದರು. ಬೆಲೆ ಇಳಿಯಲಿಲ್ಲ, ಆದರೆ ಎಣ್ಣೆ ಬಂತು. ಅದು ಬಿಕ್ಕಟ್ಟು. ಈ ಕತೆಯಲ್ಲಿ ಎಣ್ಣೆ ತಿರುಗಿ ಬರುವುದೇ ಇಲ್ಲ ಅಲ್ವಾ? ಹಾಗಿದ್ದರೆ ಬರ ಸರಿ. ಹಳಗನ್ನಡದಲ್ಲಿ ಅದು ಶಕಟರೇಫ ಅನ್ನುವ ಹಳೆಯ ‘ಱ’ ಅಕ್ಷರದ ‘ಬಱ’. ಬತ್ತು, ಬರಡು ಇವುಗಳ ಬಳಗ. ಮಳೆಯೇ ಆಗಬೇಕು ಅಂತ ಆ ಪದದಲ್ಲಿ ಎಲ್ಲೂ ಇಲ್ಲ, ಬತ್ತಿದ್ದು ಯಾವುದಾದರೂ ಆಗಬಹುದು. ನೆಲದಡಿಯ ಎಣ್ಣೆ ಬತ್ತಿದರೆ ಬರ ಅನ್ನದೆ ಇನ್ನೇನು ಅನ್ನುವುದು?

‘ಆರ್ಥಿಕ ಕುಸಿತ’ದ ವಿಷಯ ಬೇರೆ. ಅದನ್ನು ಅನುಭವಿಸಿದವರು ಯಾರೂ ಹಾಗೆ ಹೇಳುವುದಿಲ್ಲ. ಕೆಜಿಎಫ್ ನೋಡಿ. 2001ರ ಫೆಬ್ರವರಿ ಕೊನೆಗೆ ಚಿನ್ನದ ಗಣಿ ಮುಚ್ಚಿತು. ಊರಿಗೆ ಊರೇ ಕೆಲಸ ಕಳಕೊಂಡಿತು. ಇಂದಿಗೂ ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ಕೂಲಿಗೆ ಹೋಗುವವರು ಸಾವಿರಗಟ್ಟಲೆ ಇದ್ದಾರೆ. ಆ ರೈಲಿನಲ್ಲಿ ನಾನು ಎಂಟು ವರ್ಷ ಓಡಾಡಿದ್ದೇನೆ. ತಮಿಳಿನಲ್ಲಿ ಹೇಳಿದರೂ, ತೆಲುಗಿನಲ್ಲಿ ಹೇಳಿದರೂ, ಕನ್ನಡದಲ್ಲಿ ಹೇಳಿದರೂ ಮಾತು ಒಂದೇ: ‘ಕಂಪನಿ ಮುಚ್ಚಿದ ಮೇಲೆ.’ ಮಗಳ ಮದುವೆ ಕಂಪನಿ ಮುಚ್ಚುವ ಮುಂಚೆ, ಮಗನ ಓದು ಬಿಟ್ಟಿದ್ದು ಕಂಪನಿ ಮುಚ್ಚಿದ ಮೇಲೆ. ಅಲ್ಲಿ ಅದೇ ಪಂಚಾಂಗ.

ಹಳೆಯ ಕಾಲದಲ್ಲಿ ಸಂವತ್ಸರದ ಹೆಸರು ಹಿಡಿಯುತ್ತಿದ್ದರು. 1876ರಿಂದ 78ರವರೆಗಿನದು ಧಾತು ಈಶ್ವರ ಬರ. ಮೈಸೂರು ಸೀಮೆಯಲ್ಲಿ 1871ರ ಗಣತಿಯಲ್ಲಿ 50 ಲಕ್ಷ ಇದ್ದ ಜನ 1881ರ ಗಣತಿಗೆ 42 ಲಕ್ಷಕ್ಕೆ ಇಳಿದಿದ್ದರು. ಅಷ್ಟು ದೊಡ್ಡ ಸಾವಿಗೆ ಜನ ಇಟ್ಟ ಹೆಸರು ಬರೀ ಎರಡು ವರ್ಷದ ಹೆಸರು. ಲೆಕ್ಕ ಹಾಕಿ ನೋಡಿದೆ. ನಿಮ್ಮ 2035ರ ಯುಗಾದಿಗೆ ಶುರುವಾಗುವುದು ರಾಕ್ಷಸ ಸಂವತ್ಸರ. ಅಜ್ಜಿ ಬಾಯಲ್ಲಿ ‘ರಾಕ್ಷಸ ಬರ’ ಅಂತ ಬಂದರೆ ನನಗಂತೂ ಮೈ ಜುಮ್ಮೆನ್ನುತ್ತದೆ.

ಚಿಂತಾಮಣಿಯಿಂದ

ರಾಕ್ಷಸ, ಸಂವತ್ಸರ. ಮತ್ತೆ ಸಂಸ್ಕೃತಕ್ಕೇ ಬಂದಿರಿ. ಓದುವವರು ರಾಕ್ಷಸ ಅಂದರೆ ಬಕಾಸುರ ಅಂದುಕೊಳ್ಳುತ್ತಾರೆ. ಈಗಿನ ಮಕ್ಕಳಿಗೆ ಅರವತ್ತು ಸಂವತ್ಸರದಲ್ಲಿ ಆರು ಹೇಳಲು ಬರುವುದಿಲ್ಲ.

ಸೀಮೆಹಸು ಹೇಳಿ ಎಲ್ಲ ಎರವಲಿಗೂ ಬಾಗಿಲು ತೆಗೆಯಬೇಡಿ. ಹಿಂದೆ ಜನ ತಾವೇ ಪದ ಕಟ್ಟುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸಿಗೆ ಇದ್ದಿಲ ಒಲೆ ಕಟ್ಟಿದಾಗ ‘ಇದ್ದಿಲು ಬಸ್ಸು’ ಅಂದರು. ಈಗ ಕಟ್ಟುವುದನ್ನೇ ಬಿಟ್ಟಿದ್ದೇವೆ. ಬಂದದ್ದನ್ನು ಹಾಗೇ ನುಂಗುತ್ತೇವೆ. ನನ್ನ ಸಿಟ್ಟು ಅದಕ್ಕೆ, ತೈಲದ ಮೇಲಲ್ಲ.

ತುಮಕೂರಿನಿಂದ, ಇನ್ನೊಬ್ಬರು

ಇದ್ದಿಲು ಬಸ್ಸಿನಲ್ಲಿ ಬಸ್ಸು ಯಾರ ಮನೆಯದು?

ಕೋಲಾರದಿಂದ

ತುಮಕೂರಿನ ಮೇಷ್ಟ್ರೇ, ಚಿಂತಾಮಣಿಯವರು ಹೇಳಿದ್ದರಲ್ಲಿ ಹುರುಳಿದೆ. ಕಟ್ಟುವ ಕೈ ನಿಲ್ಲಬಾರದು. ಆದರೆ ಕಟ್ಟಿದ್ದು ಬಾಯಿಗೆ ಬರಬೇಕು. ಇದ್ದಿಲು ಬಸ್ಸು ಬಂತು, ಟೈರ್ ಗಾಡಿ ಬಂತು. ಕಲ್ಲೆಣ್ಣೆ ಬರಲಿಲ್ಲ.

ತುಮಕೂರಿನಿಂದ, ಕೇಳಿದವರು

ಎಲ್ಲರಿಗೂ ವಂದನೆ. ಸುಮ್ನೆ ಒಂದು ಪದ ಸಿಕ್ಕರೆ ಸಾಕು ಅಂದುಕೊಂಡಿದ್ದೆ. ನಿಮ್ಮ ಮಾತು ಓದಿ ನಿನ್ನೆ ರಾತ್ರಿ ಮೂರು ಅಧ್ಯಾಯ ತಿದ್ದಿದ್ದೇನೆ.

ಅಜ್ಜಿಗೆ ‘ರಾಕ್ಷಸ ಬರ’ ಕೊಟ್ಟೆ. ಆಕೆ ಯುಗಾದಿಯ ದಿನ ಪಂಚಾಂಗ ಓದಿಸಿ ಕೇಳಿದವಳು, ಅವಳ ಬಾಯಿಗೆ ಹೊಂದುತ್ತದೆ. ಮೊಮ್ಮಗಳು ‘ರಾಕ್ಷಸ ಎಲ್ಲಿದ್ದಾನೆ ಅಜ್ಜಿ?’ ಅಂತ ಕೇಳುವ ಒಂದು ಸಾಲೂ ಬಂತು, ಚಿಂತಾಮಣಿಯವರು ಎತ್ತಿದ ಆಕ್ಷೇಪದಿಂದಲೇ. ಕಡಲೆಕಾಯಿ ಎಣ್ಣೆಯ ಎಂಜಿನ್ ವಿಷಯ ಅಪ್ಪನಿಗೆ ಹೋಯಿತು. ಊರು ತಲುಪಿದ ಮೇಲೆ ಗಾಣದ ಮುಂದೆ ಕೂತು ಅದನ್ನೇ ಯೋಚಿಸುತ್ತಾನೆ.

ರಕ್ಷಾಪುಟಕ್ಕೆ ಬೇರೆ ಬೇಕಿತ್ತು, ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡವರಿಗೆ ತಟ್ಟನೆ ತಿಳಿಯಬೇಕು. ‘ಕಂಪನಿ ಮುಚ್ಚಿದ ಮೇಲೆ’ ಅಂದ ಮಾತೇ ದಾರಿ ತೋರಿಸಿತು. ನಮ್ಮ ಬೀದಿಯ ಲಾರಿ ಡ್ರೈವರ್ ಒಬ್ಬರನ್ನು ಕೇಳಿದೆ, ‘ಅಣ್ಣಾ, ಡೀಸೆಲ್ ಬರುವುದೇ ನಿಂತುಹೋದರೆ ಆ ಕಾಲಕ್ಕೆ ಏನಂತೀರಿ?’ ಅವರು ಟೈರಿಗೆ ಗಾಳಿ ಹೊಡೆಸುತ್ತಿದ್ದರು. ತಲೆ ಎತ್ತದೆ ‘ಏನಂತೀವಿ, ಡೀಸೆಲ್ ನಿಂತ ಮೇಲೆ ಅಂತೀವಿ’ ಅಂದರು. ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುತ್ತಾರಲ್ಲ, ಆ ‘ನಿಂತ’ದ ದನಿ ಅದರಲ್ಲೇ ಕೇಳಿಸಿತು.

ಸಾಲು ಈಗ ಹೀಗಿದೆ: ‘ಡೀಸೆಲ್ ನಿಂತ ಮೇಲೆ ತುಮಕೂರಿನ ಒಂದು ಸಂಸಾರ ಟೈರ್ ಗಾಡಿ ಹೂಡಿಕೊಂಡು ಹೊರಟಿತು.’ ಬರ ಅನ್ನುವ ಪದ ಒಳಗಿನ ಪುಟಗಳಲ್ಲಿ ಉಳಿಯುತ್ತದೆ.

‘ಕುಟುಂಬ’ ಹೋಗಿ ‘ಸಂಸಾರ’ ಬಂದಿದೆ. ಚಿಂತಾಮಣಿಯವರು ಇದಕ್ಕೂ ಒಪ್ಪಲಿಕ್ಕಿಲ್ಲ. ‘ಮನೆಮಂದಿ’ ಅಂತ ಮಾಡಬಹುದಾ, ಕ್ರಿಯಾಪದ ಆಗ ‘ಹೊರಟಿತು’ ಇರಬೇಕಾ ‘ಹೊರಟರು’ ಆಗಬೇಕಾ, ನಾಳೆ ಸಂಜೆಯ ಒಳಗೆ ಯಾರಾದರೂ ಹೇಳಿ.